ಹೊನ್ನಾವರದಲ್ಲಿ ಮೈನಸ್ ನಲವತ್ತು ಡಿಗ್ರಿ!

ಊರಿಂದ ಬಂದಾಗಿನಿಂದ ಇದನ್ನು ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ದಿನ ಹೋಯ್ತು...

ಮೇ ತಿಂಗಳ ಒಂದು ಮಧ್ಯಾಹ್ನ. ಹೊನ್ನಾವರದ ನಮ್ಮನೆ ಅಂಗಳ. ಬನಿಯನ್ ಮೈಗೆ ಅಂಟುವಂಥ ಸೆಕೆ. ಆದರೆ ನನ್ನ ಹಳೇ ಕಾರಿನ ಕಂಪ್ಯೂಟರ್ ಪ್ರಕಾರ ಇಂಜಿನ್ನಿನ ನೀರು ಮೈನಸ್ 40 ಡಿಗ್ರಿ! ರೇಡಿಯೇಟರ್ ಫ್ಯಾನು ನಿಲ್ಲದೆ ತಿರುಗುತ್ತಿತ್ತು, ಮುಂದೆ ಹಳದಿ ಬಣ್ಣದ ಇಂಜಿನ್ ದೀಪ. ಅದಕ್ಕೂ ಮೊದಲು ಒಂದು ಕಡೆ ತೋರಿಸಿ, "ಸೆನ್ಸರ್ ಹೋಗಿದೆ" ಅಂದಿದ್ದಕ್ಕೆ ಹೊಸದು ಹಾಕಿಸಿ ಬಂದಿದ್ದೆ. ಮೂರೇ ದಿನಕ್ಕೆ ದೀಪ ವಾಪಸ್.

ಈ ದೀಪ ನಮ್ಮ ಗಾಡಿಗಳಿಗೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸ್ವಾರಸ್ಯದ ಇತಿಹಾಸವೇ ಸಿಕ್ಕಿತು.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ದೀಪವೂ ಇಲ್ಲ, ಕೋಡೂ ಇಲ್ಲ. ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದರು. ಮಸಿಗಪ್ಪು ಅಂದರೆ ಪೆಟ್ರೋಲ್ ಹೆಚ್ಚು, ಬಿಳಿ ಅಂದರೆ ಗಾಳಿ ಹೆಚ್ಚು, ಬಿಸ್ಕತ್ ಬಣ್ಣ ಇದ್ದರೆ ಸರಿ. ನನ್ನ ಲೆಕ್ಕದಲ್ಲಿ ಅದೇ ಮೊದಲ ಟ್ರಬಲ್ ಕೋಡ್. ಆ ಪ್ಲಗ್ಗಿಗೆ ನಮ್ಮ ಕಡೆ ಹೆಸರು 'ಮೈಕೋ'. 1951ರಲ್ಲಿ ಶುರುವಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, ಜರ್ಮನಿಯ ಬಾಷ್ ಕಂಪನಿಯ ಬಳಗ. 2008ರಲ್ಲಿ ಹೆಸರೂ ಬಾಷ್ ಆಯಿತು.

ಅತ್ತ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜನರ ಕಣ್ಣು ಉರಿಯುತ್ತಿತ್ತು. ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, 1950ರ ಆಸುಪಾಸಿನಲ್ಲಿ, ಕಾರು ಮತ್ತು ಎಣ್ಣೆ ಶುದ್ಧೀಕರಣ ಕಾರ್ಖಾನೆಗಳ ಹೊಗೆಗೆ ಬಿಸಿಲು ಬಿದ್ದು ಆ ಮಬ್ಬು ಹುಟ್ಟುತ್ತದೆ ಅಂತ ತೋರಿಸಿದರು. ಆಮೇಲೆ ಕಾನೂನು ಬಿಗಿಯಾಯಿತು. ಹೊಗೆ ಕಡಿಮೆಯಾಗಬೇಕಾದರೆ ಪೆಟ್ರೋಲನ್ನು ಅಳೆದು ಸುರಿಯಬೇಕು, ಅಳೆಯೋಕೆ ಸೆನ್ಸರ್ ಬೇಕು. ಹೊಗೆಯಲ್ಲಿನ ಆಮ್ಲಜನಕ ನೋಡುವ ಬಾಷ್ ಸೆನ್ಸರ್ 1976ರಲ್ಲಿ ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ ಮೊದಲು ಬಂತು.

ಸೆನ್ಸರ್ ಕೆಟ್ಟರೆ? ಗಾಡಿ ಓಡುತ್ತದೆ, ಹೊಗೆ ಮಾತ್ರ ಹೆಚ್ಚುತ್ತದೆ, ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ನಿಂದ, ಗಾಡಿಯೇ ತನ್ನ ತಪ್ಪು ಹಿಡಿದು ದೀಪ ಹಚ್ಚಬೇಕು ಎಂದಿತು. ಆಗ ಒಂದೊಂದು ಕಂಪನಿಗೆ ಒಂದೊಂದು ಭಾಷೆ. ಎಷ್ಟೋ ಗಾಡಿಗಳಲ್ಲಿ ಎರಡು ಪಿನ್ ಜೋಡಿಸಿ, ದೀಪ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಬೇಕಿತ್ತು. 1996ರಿಂದ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಒಂದೇ 16 ಪಿನ್ನಿನ ಸಾಕೆಟ್, ಒಂದೇ ಮೂಲ ಕೋಡು. ಮನೆಯಲ್ಲೇ ಕೂತು ಕೋಡ್ ಓದುವ ಹಕ್ಕು ನಮಗೆ ಸಿಕ್ಕಿದ್ದು ಹೀಗೆ. ಹೊಗೆ ತಡೆಯಲು ಮಾಡಿದ ಕಾನೂನಿನಿಂದ!

ನಮ್ಮಲ್ಲಿ? 1983ರ ಮಾರುತಿ 800 ಕೂಡ ಕಾರ್ಬೊರೇಟರ್, ಚೋಕ್ ಇದ್ದ ಗಾಡಿಯೇ. 2000ದ ಏಪ್ರಿಲ್‌ನಿಂದ ದೇಶಕ್ಕೆಲ್ಲ ಹೊಗೆಯ ಹೊಸ ನಿಯಮ ಬಂದ ಹೊತ್ತಿಗೆ ಇಂಜೆಕ್ಷನ್ ಗಾಡಿಗಳು ಹೆಚ್ಚಾದವು. ಭಾರತ್ ಸ್ಟೇಜ್ 4 ಬೆಂಗಳೂರು ಸೇರಿ 13 ನಗರಗಳಿಗೆ 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ ಬಂತು. ಆ ನಿಯಮದ ಗಾಡಿಗಳಿಗೆ 2013ರಿಂದ ಓಬಿಡಿ-2 ಕಡ್ಡಾಯ. 2020ರಲ್ಲಿ ಸ್ಟೇಜ್ 6.

ಇದರ ಬಿಸಿ ತಟ್ಟಿದ್ದು ಕುಮಟೆಯ ನಮ್ಮ ಹಳೇ ಮೇಸ್ತ್ರಿಯಂಥವರಿಗೆ. ಇಂಜಿನ್ನಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು ಕಾಯಿಲೆ ಹೇಳುತ್ತಿದ್ದವರು. ಸ್ಕ್ಯಾನರ್ ದುಬಾರಿ, ಕೊಳ್ಳಲಿಲ್ಲ. ಒಬ್ಬೊಬ್ಬರೇ ಗಿರಾಕಿಗಳು ಕಡಿಮೆಯಾದರು. ನಾನೂ ಹೋಗುವುದು ಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಭಟ್ಕಳದ ಗೆಳೆಯ ದುಬೈಯಿಂದ ಬರುವಾಗ ತಂದುಕೊಟ್ಟ ಬೆಂಕಿಪೊಟ್ಟಣದಷ್ಟು ಬ್ಲೂಟೂತ್ ಡಬ್ಬಿ ನನ್ನ ಹತ್ತಿರ ಇತ್ತು. ಕೋಡು ಬಂತು: ಪಿ 0118. ಮೊದಲಕ್ಷರ ಪಿ ಅಂದರೆ ಇಂಜಿನ್-ಗೇರಿನ ಕಡೆಯದು, ಮುಂದಿನ ಸೊನ್ನೆ ಅಂದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 0118 ಅಂದರೆ ನೀರಿನ ಬಿಸಿ ಅಳೆಯುವ ಸರ್ಕಿಟ್ಟಿನಲ್ಲಿ ವೋಲ್ಟೇಜ್ ಹೆಚ್ಚು. 'ಸೆನ್ಸರ್ ಸತ್ತಿದೆ' ಅಂತ ಅದು ಎಲ್ಲೂ ಹೇಳುವುದಿಲ್ಲ ನೋಡಿ! ಸರ್ಕಿಟ್ ಅಂದರೆ ಸೆನ್ಸರ್, ಕನೆಕ್ಟರ್, ವೈರು, ಕಂಪ್ಯೂಟರ್ ಎಲ್ಲ ಸೇರಿ. ಕೋಡು ಬರೀ ದೂರು, ತೀರ್ಪಲ್ಲ.

ಡಬ್ಬಿ ಹಿಡಿದು ಕುಮಟೆಗೆ ಹೋದೆ.

"ಅದು ಕಂಪ್ಯೂಟರ್ ಗಾಡಿ ತಮಾ, ನಂಗೆ ತಿಳೂದಿಲ್ಲ" ಅಂದರು. ಮೊಬೈಲ್ ತೋರಿಸಿ, ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ ಅಂದೆ. ಅರೆ ನಿಮಿಷ ಸುಮ್ಮನಿದ್ದರು.

"ಹಂಗಾರೆ ವೈರ್ ತುಂಡಾದ್ರೂ ಅದ್ಕೆ ಚಳಿಯೇ ಆಗೂದು, ಅಲ್ಲನಾ?"

ನನಗೆ ಹೊಳೆದಿರಲಿಲ್ಲ!

ಇಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಸೆನ್ಸರಿನ ಕನೆಕ್ಟರ್ ಕಿತ್ತು ಅದರ ಎರಡು ಪಿನ್‌ಗಳನ್ನು ತುಂಡು ವೈರಿನಿಂದ ಜೋಡಿಸಿದರು. ವೈರಿಂಗ್ ಸರಿಯಿದ್ದರೆ ಮೈನಸ್ 40 ಹೋಗಿ ಅಂಕಿ ಒಮ್ಮೆಲೇ ಮೇಲಕ್ಕೆ ಹಾರಬೇಕು. ಹಾರಲಿಲ್ಲ. ಕನೆಕ್ಟರಿನ ರಬ್ಬರ್ ಸರಿಸಿ ನೋಡಿದರೆ ಒಳಗೆ ಹಚ್ಚ ಹಸಿರು ಕಿಲುಬು. ಉಪ್ಪು ಗಾಳಿ, ಮಳೆ... ಭಟ್ಕಳದಿಂದ ಕುಮಟೆವರೆಗೆ ಸಮುದ್ರದ ಪಕ್ಕದಲ್ಲೇ ಇರುವ ನಮ್ಮ ತಾಮ್ರಕ್ಕೆಲ್ಲ ಇದೇ ಗತಿ. ತುದಿ ಕತ್ತರಿಸಿ ಹೊಸ ಟರ್ಮಿನಲ್ ಹಾಕಿದರು. ಮೈನಸ್ 40 ಇದ್ದದ್ದು 61 ಆಯಿತು. ಕೋಡ್ ಅಳಿಸಿದೆ, ಇವತ್ತಿನವರೆಗೆ ದೀಪ ಬಂದಿಲ್ಲ.

(ಈ ಜೋಡಿಸುವ ಉಪಾಯ ಎರಡು ವೈರಿನ ಬಿಸಿ ಸೆನ್ಸರಿಗೆ ಮಾತ್ರ. ಬೇರೆ ಸೆನ್ಸರಿಗೆ ಮಾಡಿ ಕಂಪ್ಯೂಟರ್ ಸುಟ್ಟುಕೊಂಡು ನನ್ನನ್ನು ಬೈಯಬೇಡಿ :-) ಅಳಿಸುವ ಮುಂಚೆ ಕೋಡು ಬರೆದಿಟ್ಟುಕೊಳ್ಳಿ. ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ, ಸಾಮಾನ್ಯವಾಗಿ ಅದು ಮಿಸ್‌ಫೈರ್.)

ಬಣ್ಣ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದವರಿಗೆ ಅಂಕಿ ನೋಡಿ ಅರ್ಥ ಮಾಡಿಕೊಳ್ಳುವುದು ಕಷ್ಟವಾಗಿರಲಿಲ್ಲ. ಯಾರೂ ತೋರಿಸಿರಲಿಲ್ಲ, ಅಷ್ಟೇ. ಬರುವಾಗ ಡಬ್ಬಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ಭಟ್ಕಳದ ಗೆಳೆಯನಿಗೆ ಇನ್ನೊಂದು ತರಲು ಹೇಳಬೇಕು...

ನಿಮ್ಮೂರಿನ ಹಳೇ ಮೇಸ್ತ್ರಿ ಹತ್ತಿರ ನೀವು ಕೊನೆಗೆ ಹೋಗಿದ್ದು ಯಾವಾಗ?