ಮೂಕಾದ ಪೆಟ್ಟಿಗೆ

ಕಂಪನಿ ನಾಟಕ ಕಂಡವರಿಗೆ ಕಾಲು ಹಾರ್ಮೋನಿಯಂ ಹೊಸದಲ್ಲ. ನಮ್ಮ ಮಂದಿ ಅದನ್ನ ಬರೀ ಪೆಟ್ಟಿಗೆ ಅಂತಾರೆ, ನುಡಿಸುವವರು ಪೆಟ್ಟಿಗೆ ಮಾಸ್ತರು. ಕಾಲಲ್ಲಿ ಗಾಳಿ ಒತ್ತುವುದರಿಂದ ಎರಡೂ ಕೈ ಮನೆಗಳ ಮೇಲೆ ಆಡ್ತಾವೆ. ಮೈಕಿಲ್ಲದ ಬಯಲಲ್ಲೂ ದನಿ ಕಡೇ ಸಾಲಿಗೆ ಮುಟ್ತದೆ. ಗಮಕ ಬರೋದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನ ಹೊರಗಿಟ್ಟಿತ್ತು. ವಿದ್ವಾಂಸರ ಮಾತು ಸುಳ್ಳಲ್ಲ. ಆದರೆ ಜಾತ್ರೆ ನಾಟಕಕ್ಕೆ ಗಮಕಕ್ಕಿಂತ ಗಟ್ಟಿ ದನಿ ಬೇಕಲ್ರೀ!

ಆದವಾನಿಯ ಹತ್ತಿ ಗೋದಾಮೊಂದರಲ್ಲಿ ಗೋಣಿಚೀಲಗಳಡಿ ನನಗೆ ಸಿಕ್ಕಿದ್ದೂ ಅಂಥದ್ದೇ. ಹಮಾಲರು ಹೊಲಿಗೆ ಮಷೀನಿನ ಮೇಜು ಅಂದ್ಕೊಂಡಿದ್ರು. ಆದವಾನಿ ಆಗ ಬಳ್ಳಾರಿ ಜಿಲ್ಲೆ, ರಾಘವರಂಥ ನಟರ ಜಿಲ್ಲೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋತು. ಮಾತು ಇಲ್ಲೇ ಉಳೀತು, ನಾಟಕದ ಪೇಟೆ ಗಡಿಯಾಚೆ.

ತಿದಿಯ ತೊಗಲು ಇಲಿ ತಿಂದಿತ್ತು. ಹೊಸ ಆಡಿನ ತೊಗಲು ತೆಳ್ಳಗೆ ಹದಮಾಡಿ ಮರವಜ್ರದಿಂದ ಅಂಟಿಸಿದ್ವಿ. ಹಿತ್ತಾಳೆ ರೀಡುಗಳದೇ ನಾಜೂಕು ಕೆಲಸ: ನಾಲಗೆಯ ತುದಿ ಕೆರೆದರೆ ಸ್ವರ ಏರ್ತದೆ, ಬುಡ ಕೆರೆದರೆ ಇಳೀತದೆ. ಕೂದಲೆಳೆಯಷ್ಟು ಹೆಚ್ಚಾದರೂ ಮತ್ತೊಂದು ತುದಿಯಿಂದ ಸರಿಮಾಡಬೇಕು, ಹೀಗೆ ಕೆರೆದೂ ಕೆರೆದೂ ನಾಲಗೆ ಸವೆದು ಮುರೀತದೆ. ಅದಕ್ಕೇ ಮೊದಲು ಕುಂಚದಿಂದ ಧೂಳು ತೆಗೆದ್ವಿ. ಅರ್ಧಕ್ಕರ್ಧ ರೀಡು ಅಷ್ಟಕ್ಕೇ ಮಾತಾಡಿದವು.

ಗಾಜಿನೊಳಗಿಡಿ ಅಂದವರುಂಟು. ನಾನೊಪ್ಪಲಿಲ್ಲ. ಬಿರುಕುಬಿಟ್ಟ ರೀಡೊಂದನ್ನ ಬದಲಿಸೋದು ಬಾಕಿ. ಹುಡುಗರು ಶ್ರಾವಣಕ್ಕೆ ನಾಟಕ ಹಿಡಿದಾರೆ.