ಕಡತಕ್ಕೆ ಬಾರದ ಹೆಸರು

ಸರಕಾರಿ ಕಚೇರಿಗಳಲ್ಲಿ ಇಂದು ‘ಕಡತ’ ಎಂದರೆ ಫೈಲು. ಆಡಳಿತ ಕನ್ನಡ ರೂಢಿಗೆ ಬಂದಾಗ ಈ ಹಳೆಯ ಶಬ್ದಕ್ಕೆ ಹೊಸ ಉದ್ಯೋಗ ದೊರೆಯಿತು. ಮೊದಲು ಅದು ಬೇರೆಯೇ ವಸ್ತುವಿನ ಹೆಸರು. ಉದ್ದನೆಯ ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ಒರೆಸಿದರೆ ಅಕ್ಷರ ಅಳಿಯುತ್ತದೆ. ಜೋಪಾನ ಮಾಡಿದರೆ ತಲೆಮಾರುಗಳವರೆಗೆ ಉಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ‘ಈ ನೆಲ ಯಾರದು?’ ಎಂಬ ಪ್ರಶ್ನೆಯನ್ನು ಹಿಂದಕ್ಕೆ ಒಯ್ಯುತ್ತ ಹೋದರೆ ಕೊನೆಗೆ ನಮ್ಮ ಕೈಗೆ ತಾಗುವುದು ಇಂಥ ಕಪ್ಪು ಬಟ್ಟೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಈ ಹಳೆಯ ಲೆಕ್ಕಗಳನ್ನು ಓದಿಸಿ ಬೆರಗಾದನು. ವಿಜಯನಗರದ ಹರಿಹರರಾಯನ ಕಾಲದ್ದೆಂದು ಹೇಳಲಾದ ಕಂದಾಯದ ನಿಗದಿ, ಅದರ ಮೇಲೆ ಕೆಳದಿಯ ಅರಸರು ಕೂಡಿಸಿದ್ದು, ಅದಕ್ಕೂ ಮೇಲೆ ಹೈದರ್-ಟೀಪೂ ಕಾಲದ ಶಾಮಿಲು, ಎಲ್ಲವೂ ಪದರಪದರವಾಗಿ ಅಲ್ಲಿದ್ದವು. ಇಲ್ಲಿಯ ಭೂಮಿ ಅರಸನದಲ್ಲ, ಪ್ರಜೆಯ ಖಾಸಗಿ ಸೊತ್ತು, ಅದನ್ನು ಮಾರುವರು, ಅಡವಿಡುವರು, ಮಕ್ಕಳಿಗೆ ಬಿಟ್ಟುಹೋಗುವರು ಎಂದು 1800ರ ತನ್ನ ಪತ್ರಗಳಲ್ಲಿ ಅವನು ಮೇಲಧಿಕಾರಿಗಳಿಗೆ ಒತ್ತಿ ಬರೆದನು. ಮಾತು ನಿಜವೇ. ಆದರೆ ಅವನು ಕಂಡ ಪ್ರಜೆ ಯಾರು? ಕಡತದಲ್ಲಿ ಹೆಸರಿದ್ದವನು, ಅಂದರೆ ವರ್ಗದಾರ.

ಇಲ್ಲಿ ಮೂರು ಶಬ್ದಗಳನ್ನು ಬಿಡಿಸಿ ಹೇಳಬೇಕು. ಕಂದಾಯದ ಲೆಕ್ಕದಲ್ಲಿ ಒಬ್ಬನ ಹೆಸರಿನಲ್ಲಿ ನಿಂತ ಹಿಡುವಳಿ ‘ವರ್ಗ’. ಅದರ ಮೂಲ ಹಕ್ಕಿನವನು ಮೂಲವರ್ಗದಾರ. ಅವನು ತನ್ನ ಭೂಮಿಯನ್ನು ಗೊತ್ತಾದ ಗೇಣಿಗೆ ಶಾಶ್ವತವಾಗಿ ಬಿಟ್ಟುಕೊಟ್ಟರೆ ಅದು ಮೂಲಗೇಣಿ. ಗೇಣಿ ಏರಿಸುವಂತಿಲ್ಲ, ಒಕ್ಕಲನ್ನು ಎಬ್ಬಿಸುವಂತಿಲ್ಲ, ಹಕ್ಕು ವಂಶಕ್ಕೆ ಇಳಿಯುತ್ತದೆ. ಇದಕ್ಕೆ ಚೀಟಿಯುಂಟು, ಕರಾರುಂಟು. ಮೂರನೆಯದು ಚಾಲಗೇಣಿ. ವರ್ಷದಿಂದ ವರ್ಷಕ್ಕೆ, ಒಡೆಯನ ಮರ್ಜಿ ಇರುವಷ್ಟು ಕಾಲ ನಡೆಯುವ ಗೇಣಿ. ಇದಕ್ಕೆ ಸಾಮಾನ್ಯವಾಗಿ ಬಾಯಿಮಾತೇ ಆಧಾರ. ಗದ್ದೆಗಿಳಿದು ಉತ್ತವರಲ್ಲಿ, ಅಂದರೆ ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಮೊದಲಾದವರಲ್ಲಿ, ಬಹುಮಂದಿ ನಿಂತಿದ್ದು ಈ ಮೂರನೆಯ ಶಬ್ದದ ಕೆಳಗೆ.

ಎಂ.ಎ. ತರಗತಿಗೆ ಶಾಸನಪಾಠ ಹೇಳುತ್ತಿದ್ದಾಗ ಅಷ್ಟಭೋಗಗಳನ್ನು ನಾನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತಿದ್ದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಭೂಮಿಯ ಒಡೆತನದಲ್ಲಿ ಏನೇನು ಅಡಗಿದೆಯೆಂಬುದಕ್ಕೆ ಇಷ್ಟು ಅಡಕವಾದ ಪಟ್ಟಿ ಇಂದಿನ ಕ್ರಯಪತ್ರಗಳಲ್ಲಿ ಸಿಗುವುದು ಕಷ್ಟ. ನೆಲದೊಳಗೆ ಹೂತ ಹೊನ್ನಿಗೂ ಅಲ್ಲಿ ಸ್ಥಾನವಿದೆ, ಮುಂದೆ ಹುಟ್ಟಬಹುದಾದ ಆದಾಯಕ್ಕೂ ಇದೆ. ಚತುಸ್ಸೀಮೆ ಹೇಳಿ, ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುವ ಆ ದಾನಶಾಸನಗಳು ಉಳುವವನ ಹೆಸರನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ.

ಮುಂದೆ ಕನ್ನಡ ಜಿಲ್ಲೆ ಎರಡಾಯಿತು. ಉತ್ತರದ ಭಾಗ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊಸ ಸರಕಾರ ಹೊಸ ಮೋಜಣಿ ಮಾಡಿ ಕಂದಾಯ ಏರಿಸಿದಾಗ ವರ್ಗದಾರರು ನ್ಯಾಯಾಲಯ ಹತ್ತಿದರು. ವೈಕುಂಠ ಬಾಪೂಜಿ ವಿರುದ್ಧ ಮುಂಬಯಿ ಸರಕಾರ ಎಂಬ ಆ ಮೊಕದ್ದಮೆಯಲ್ಲಿ ಹೈಕೋರ್ಟು 1875ರಲ್ಲಿ ಬಹು ದೀರ್ಘವಾದ ತೀರ್ಪನ್ನು ಕೊಟ್ಟಿತು. ಭೂಮಿ ಮೂಲವರ್ಗದಾರನ ಸೊತ್ತೆಂಬುದನ್ನು ಅದು ಒಪ್ಪಿತು. ಆದರೆ ಕಂದಾಯ ಏರಿಸದಂತೆ ಸರಕಾರದ ಕೈ ಕಟ್ಟಲಿಲ್ಲ. ವರ್ಗದಾರ ಹಣದಲ್ಲಿ ಸೋತು ಹಕ್ಕಿನಲ್ಲಿ ಗೆದ್ದನೆನ್ನಬಹುದು. ಚಾಲಗೇಣಿಯವನು ಆ ವಾದದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.

ನಮ್ಮ ಶತಮಾನಕ್ಕೆ ಬಹುಮಟ್ಟಿಗೆ ಪರಿಚಿತವಾದ ಕಥೆಯನ್ನು ಬೇಗ ದಾಟುತ್ತೇನೆ. 1940ರ ಸುಮಾರಿಗೆ ಉತ್ತರ ಕನ್ನಡದ ಗೇಣಿದಾರರನ್ನು ಸಂಘಟಿಸಿದವರು, ಮುಂದೆ ಚುಟುಕಗಳಿಂದ ಮನೆಮಾತಾದ ದಿನಕರ ದೇಸಾಯಿಯವರು. ಆ ಅಪರಾಧಕ್ಕಾಗಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿದರು. ಮುಂಬಯಿ ಸರಕಾರ 1939ರಲ್ಲೂ 1948ರಲ್ಲೂ ಗೇಣಿ ಕಾಯಿದೆಗಳನ್ನು ತಂದಿತು. 1948ರ ಕಾಯಿದೆಗೆ 1956ರಲ್ಲಿ ಆದ ತಿದ್ದುಪಡಿಯ ಪ್ರಕಾರ 1957ರ ಏಪ್ರಿಲ್ 1ರಂದು, ಕೆಲವು ಷರತ್ತುಗಳಿಗೆ ಒಳಪಟ್ಟು, ಉಳುವ ಗೇಣಿದಾರನು ತನ್ನ ಭೂಮಿಯನ್ನು ಕೊಂಡವನೆಂದೇ ಎಣಿಸಲ್ಪಡಬೇಕಾಗಿತ್ತು.

ಅಷ್ಟರಲ್ಲಿ 1956ರ ನವೆಂಬರ್ 1 ಬಂದಿತು. ಕನ್ನಡ ನಾಡು ಒಂದಾಯಿತು. ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಗೇಣಿ ಕಾಯಿದೆಗಳಿದ್ದವು. ಎಲ್ಲಕ್ಕೂ ಒಂದೇ ಕಾಯಿದೆ ಆಗುವವರೆಗೆ ಎಂದು, 1957ರಲ್ಲಿ ಮೈಸೂರು ಶಾಸನಸಭೆ ಮುಂಬಯಿ ಕಾಯಿದೆಯ ಆ ವಿಧಿಗಳನ್ನು ಅಮಾನತಿನಲ್ಲಿಟ್ಟಿತು. ಏಕೀಕರಣದ ಹಾಡು ಹಾಡಿ ಬೆಳೆದವನು ನಾನು. ಆ ದಿನದ ಹಿಗ್ಗನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೂ ಹೇಳಲೇಬೇಕು: ಐದು ತಿಂಗಳು ಕಳೆದಿದ್ದರೆ ಒಡೆಯನಾಗಬಹುದಾಗಿದ್ದ ಕುಮಟೆಯ ಗೇಣಿದಾರ ಮತ್ತೆ ಹದಿನೇಳು ವರ್ಷ ಕಾದನು. ಮೈಸೂರಿನ ಭೂಸುಧಾರಣಾ ಕಾಯಿದೆ 1961ರಲ್ಲಿ ಆಗಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ಕಾದವರಲ್ಲಿ ಎಷ್ಟು ಮುದುಕರು ಈ ನಡುವೆ ತೀರಿಕೊಂಡಿರಬಹುದು!

1974ರ ವ್ಯವಸ್ಥೆಯಲ್ಲಿ ಗೇಣಿ ಭೂಮಿಯೆಲ್ಲ ಮೊದಲು ಸರಕಾರದಲ್ಲಿ ನಿಹಿತವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಡಬೇಕು; ಭೂನ್ಯಾಯ ಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ಅರ್ಜಿಯ ಗಡುವು ಬೆಳೆಯುತ್ತ 1979ರ ಜೂನ್ 30ಕ್ಕೆ ನಿಂತಿತು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಂಡಳಿಯ ಮುಂದೆ ಬಂದ ಮುಖ್ಯ ಪ್ರಶ್ನೆ ಕಡತದ ಪ್ರಶ್ನೆಯೇ. ಪಹಣಿಯ ಗೇಣಿ ಕಾಲಮಿನಲ್ಲಿ ಹೆಸರಿದೆಯೇ? ಗೇಣಿ ಸಂದಾಯದ ರಸೀದಿ ಇದೆಯೇ? ಬಾಯಿಮಾತಿನ ಗೇಣಿಗೆ ರಸೀದಿ ಕೊಟ್ಟ ಒಡೆಯರು ವಿರಳ. ಆಗ ನೆರೆಗದ್ದೆಯವನ ಸಾಕ್ಷ್ಯ ಬೇಕು, ಸ್ಥಳ ತನಿಖೆ ಬೇಕು. ಹೀಗೆ ಕಡತದಲ್ಲಿ ಹೆಸರಿಲ್ಲದವನ ಮಾತಿಗೆ ಒಂದು ಸರಕಾರಿ ಮೇಜಿನ ಮುಂದೆ ಬೆಲೆ ಬಂದಿತು. ಈ ಕಾಯಿದೆಯ ದೊಡ್ಡ ಸಾಧನೆ ಇದೇ ಎಂದು ನನಗೆ ತೋರುತ್ತದೆ. ಹಂಚಿದ ಎಕರೆಗಳ ಲೆಕ್ಕ ಆಮೇಲಿನದು.

ಇನ್ನೊಂದು ಮಗ್ಗುಲೂ ಉಂಟು. ಅರ್ಧ ಎಕರೆಯನ್ನು ಗೇಣಿಗೆ ಕೊಟ್ಟು ಅದರ ಭತ್ತದಲ್ಲೇ ಹೊಟ್ಟೆ ಹೊರೆಯುತ್ತಿದ್ದ ವಿಧವೆಯನ್ನೂ ನೂರಾರು ಮೂಟೆ ಎಣಿಸುತ್ತಿದ್ದ ವರ್ಗದಾರನನ್ನೂ ಕಾಯಿದೆ ಒಂದೇ ತಕ್ಕಡಿಯಲ್ಲಿ ತೂಗಿತು. ಗೇಣಿಗೆ ಕೊಡಲು ವಿನಾಯಿತಿ ಪಡೆದವರು ಸೈನಿಕರು ಮತ್ತು ಹಡಗಿನ ನಾವಿಕರು. ಕಡಲನ್ನೇ ನಂಬಿದ ನಮ್ಮ ಕರಾವಳಿಯಲ್ಲಿ ಈ ಎರಡನೆಯ ವಿನಾಯಿತಿಯನ್ನು ಓದಿದಾಗ, ಬೆಂಗಳೂರಿನಲ್ಲಿ ಕಾಯಿದೆ ಬರೆದವರಿಗೂ ಸಮುದ್ರದ ನೆನಪಾಯಿತಲ್ಲ ಎಂದು ಸಮಾಧಾನವಾಗುತ್ತದೆ. ಪೇಟೆಯೊಳಗಿನ ಮೂಲಗೇಣಿಗೆ ಮಾತ್ರ ಈ ಕಾಯಿದೆ ತಾಗಲಿಲ್ಲ, ಅದು ಕೃಷಿಭೂಮಿಗೆ ಸಂಬಂಧಿಸಿದ್ದು. ನೆಲ ಒಬ್ಬನದು, ಅದರ ಮೇಲಿನ ಮನೆ ಇನ್ನೊಬ್ಬನದು ಎಂಬ ಸ್ಥಿತಿ ಅಲ್ಲಿ ಮುಂದುವರಿಯಿತು. ಅಂಥ ಮನೆಯನ್ನು ಕೊಳ್ಳುವವನು ನೋಂದಣಿಯಾಗಿದೆಯೆಂದು ನಿಶ್ಚಿಂತನಾಗುವಂತಿಲ್ಲ. ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ಟಾರೆನ್ಸ್ ಎಂಬಾತ ತಂದ ಪದ್ಧತಿಯಲ್ಲಿ ಹಕ್ಕಿಗೇ ಸರಕಾರದ ಖಾತರಿ ಇರುತ್ತದೆ. ನಮ್ಮ ಪಹಣಿ ಗಣಕಯಂತ್ರಕ್ಕೆ ಏರಿದ ಮೇಲೂ, ತಪ್ಪೆಂದು ಸಿದ್ಧವಾಗುವವರೆಗೆ ಸರಿಯೆಂದು ಭಾವಿಸತಕ್ಕ ಒಂದು ದಾಖಲೆಯಷ್ಟೇ.

ಗದ್ದೆಯ ಪ್ರಶ್ನೆ ಬಹುಮಟ್ಟಿಗೆ ತೀರಿದ ಮೇಲೆ ಈಗ ಈ ಮೂರೂ ತಾಲೂಕುಗಳಲ್ಲಿ ಉಳಿದಿರುವುದು ಗುಡ್ಡದ ಪ್ರಶ್ನೆ. ಅರಣ್ಯವೆಂದು ದಾಖಲಾದ ನೆಲದಲ್ಲಿ ಮನೆ ಕಟ್ಟಿ ತೆಂಗು ಅಡಕೆ ನೆಟ್ಟವರು ಬಹಳ. 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಆ 75 ವರ್ಷಗಳ ಹಿಂದೆ, 1930ರಲ್ಲಿ, ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿದವನಿಗೆ ಯಾರು ಚೀಟಿ ಬರೆದುಕೊಟ್ಟಿದ್ದರು? ಕಾಯಿದೆಯ ನಿಯಮಗಳು ಸಾಕ್ಷ್ಯಗಳ ಪಟ್ಟಿಯಲ್ಲಿ ಗೆಜೆಟಿಯರು, ಜನಗಣತಿಗಳೊಂದಿಗೆ ಬಾವಿಯನ್ನೂ ಸ್ಮಶಾನವನ್ನೂ ಹೆಸರಿಸಿವೆ. ಅರ್ಜಿದಾರನಲ್ಲದ ಊರ ಹಿರಿಯನ ಹೇಳಿಕೆಯೂ ನಡೆಯುತ್ತದೆ. ಆದರೆ ಅದನ್ನು ಬರಹಕ್ಕಿಳಿಸಿರಬೇಕು. ಅದೊಂದೇ ಸಾಲದು, ಜೊತೆಗೆ ಇನ್ನೊಂದು ಸಾಕ್ಷ್ಯವಾದರೂ ಬೇಕು.