ಕಬೀರವಡದ ತಾಯಿಬೊಡ್ಡೆ

ಊರಿನಿಂದ ನೆಂಟರು ಸೂರತ್‌ನ ಅಡಾಜಣ್‌ಗೆ ಬಂದರೆ ಡುಮಸ್ ಬೀಚು ತೋರಿಸು ಅನ್ನುತ್ತಾರೆ. ನಾನು ಅವರನ್ನು ಭರೂಚ್ ದಾಟಿಸಿ, ಶುಕ್ಲತೀರ್ಥದ ಹತ್ತಿರ ದೋಣಿ ಹತ್ತಿಸಿ, ನರ್ಮದೆಯ ನಡುಗಡ್ಡೆಯಲ್ಲಿರುವ ಕಬೀರವಡವೆಂಬ ಆಲದ ಮರಕ್ಕೆ ಕರೆದೊಯ್ಯುತ್ತೇನೆ. ಬೆಂಗಳೂರು ಬಳಿಯ ಕೇತೋಹಳ್ಳಿಯ ದೊಡ್ಡಾಲದ ಮರ ಕಂಡವರು ಅಲ್ಲಿ ಮೊದಲು ಕೇಳುವುದು ಒಂದೇ: ‘ಇದರಲ್ಲಿ ತಾಯಿಬೊಡ್ಡೆ ಯಾವುದು?’

ಈ ಮರ ಹುಟ್ಟಿದ್ದು ಕಬೀರರು ಎಸೆದ ದಾತಣ, ಅಂದರೆ ಹಲ್ಲುಜ್ಜುವ ಕಡ್ಡಿ, ಚಿಗುರಿ ಎಂದು ಕೆಲವರು, ಅವರ ಪಾದ ತೊಳೆದ ನೀರು ಬಿದ್ದು ಒಣಕಡ್ಡಿ ಚಿಗುರಿತೆಂದು ಕೆಲವರು ಹೇಳುತ್ತಾರೆ. ಅಳತೆ ಬರೆದಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ನೌಕರ ಜೇಮ್ಸ್ ಫೋರ್ಬ್ಸ್. ಭರೂಚ್ ಸೀಮೆಯಲ್ಲಿದ್ದ ಆತ 1813ರಲ್ಲಿ ಅಚ್ಚಾದ ತನ್ನ ನೆನಪಿನ ಗ್ರಂಥದಲ್ಲಿ ಸುಮಾರು 2000 ಅಡಿ ಸುತ್ತಳತೆ, 350 ದಪ್ಪ ಕಾಂಡ, 3000ಕ್ಕೂ ಹೆಚ್ಚು ಸಣ್ಣವು ಎಂದ. 7000 ಜನ ನೆರಳಿನಲ್ಲಿ ತಂಗಬಹುದೆಂದ. ನೆರೆ ಆಗಲೇ ಒಂದು ಭಾಗವನ್ನು ಕೊಚ್ಚಿತ್ತಂತೆ. 2006ರ ಆಗಸ್ಟಿನಲ್ಲಿ ತಾಪಿ ನದಿ ಅಡಾಜಣ್‌ಗೆ ನುಗ್ಗಿದ್ದನ್ನು ಕಂಡ ನನಗೆ ಅದನ್ನು ನಂಬಲು ಸಾಕ್ಷಿ ಬೇಕಿಲ್ಲ.

ದಾತಣದ ಕಥೆಗಿಂತ ಆಲದ ನಿಜವಾದ ಬಾಲ್ಯ ನನಗೆ ಹೆಚ್ಚು ರುಚಿ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ತಾಳೆಯ ತಲೆಯಲ್ಲೋ ಗೋಡೆಯ ಬಿರುಕಿನಲ್ಲೋ ಮೊಳೆಯುತ್ತದೆ. ಅಲ್ಲಿ ಮಣ್ಣಿಲ್ಲ, ಮಳೆ ನಿಂತರೆ ನೀರೂ ಇಲ್ಲ. ನಮ್ಮ ಸೊಸೈಟಿಯ ತಾರಸಿ ಪೈಪಿನ ಬಾಯಿಂದ ವಾಚ್‌ಮನ್ ಕಿತ್ತ ಅರಳಿ ಸಸಿಯ ಬುಡ ಗೆಡ್ಡೆಯಂತೆ ಊದಿತ್ತು: ಅದೇ ಅದರ ನೀರಿನ ಗಂಟು. ಮಿಷೆಲ್ ಹೋಲ್‌ಬ್ರೂಕ್ ಮತ್ತು ಫ್ರಾನ್ಸಿಸ್ ಪುಟ್ಜ್ 1996ರಲ್ಲಿ, ಹೀಗೆ ಮರದ ಮೇಲೆ ಹುಟ್ಟಿ ನೆಲಕ್ಕಿಳಿಯುವ ಎಂಟು ಜಾತಿಯ ಗಿಡಗಳ ಎಲೆಗಳನ್ನು ಹೋಲಿಸಿ ಪ್ರಕಟಿಸಿದರು. ಮೇಲೆ ಕೂತಿರುವಾಗಿನ ಎಲೆಗಳಲ್ಲಿ ಪತ್ರರಂಧ್ರಗಳು ವಿರಳ. ಬೇರು ನೆಲ ಮುಟ್ಟಿದ ಮೇಲೆ ಅದೇ ಜಾತಿ ಬೇರೆ ಥರದ ಎಲೆ ಬಿಡುತ್ತದೆ. ಅವುಗಳಲ್ಲಿ ರಂಧ್ರ ಹೆಚ್ಚು, ನೀರಿನ ಖರ್ಚೂ ಧಾರಾಳ. ಜಿಪುಣತನ ಬಡತನದ ದಿನಗಳಿಗೆ ಮಾತ್ರ.

ಕಬೀರವಡವೂ ಯಾವುದೋ ತಾಳೆಯ ತಲೆಯಿಂದ ಇಳಿದಿರಬಹುದು ಎಂಬುದು ನನ್ನ ಗುಮಾನಿ. ಬಿಳಲಿಗೆ ಇಲ್ಲಿನವರು ವಡವಾಈ ಅನ್ನುತ್ತಾರೆ. ನೆಲ ಸೇರಿದ ವಡವಾಈ ದಪ್ಪಗಾಗಿ ತಾನೇ ಕಾಂಡವಾಗುತ್ತದೆ. ಹಾಗಾಗಿಯೇ ಹಳೆಯ ಬೊಡ್ಡೆ ನೆರೆಗೆ ಹೋದರೂ ಮರ ಉಳಿಯುತ್ತದೆ. ದೊಡ್ಡಾಲದ ಮರದ ಮೂಲ ಬೊಡ್ಡೆಯೂ ರೋಗದಿಂದ ಹೋಗಿದೆ, ಮರ ಇದೆ. ಆದ್ದರಿಂದ ತಾಯಿಬೊಡ್ಡೆ ಹುಡುಕುವುದು ವ್ಯರ್ಥ. ದೋಣಿಯವರು ಹೇಳುವ ವಯಸ್ಸನ್ನೂ ನಾನು ನಂಬುವುದಿಲ್ಲ.

ಹೋಗುವವರು ಒಂದು ಮಾತು ನಡೆಸಿಕೊಡಿ: ಎಳೆ ಬಿಳಲಿಗೆ ಮಕ್ಕಳನ್ನು ಜೋತಾಡಿಸಬೇಡಿ. ನೆಲ ಮುಟ್ಟುವ ಮುಂಚೆ ತುಂಡಾದ ಪ್ರತಿ ಬಿಳಲೂ ಮುಂದಿನ ನೆರೆಗೆ ಇರಬೇಕಿದ್ದ ಒಂದು ಕಾಂಡ.